ಮೇಲಿನದೇ ವಿಳಾಸ

ಅರ್ಜಿ ಹೋದ ಕೂಡಲೇ ಗಂಟೆ ಬಾರಿಸಬೇಕು. ಅದು ಕಾನೂನು ಕ್ಲಿನಿಕ್ಕಿನ ಪದ್ಧತಿ. ಓಹಾಯೋ ನದಿಯಲ್ಲಿ ಓಡಾಡುತ್ತಿದ್ದ ಯಾವುದೋ ಸರಕು ದೋಣಿಯಿಂದ ಬಿಚ್ಚಿ ತಂದ ಹಿತ್ತಾಳೆ ಗಂಟೆ ಅದು. ಕಾಯುವ ಕೋಣೆಯ ಬಾಗಿಲ ಪಕ್ಕ ನೇತುಹಾಕಿದ್ದರು. ಟ್ರೇಡ್‌ಮಾರ್ಕಿಗೋ ಪೇಟೆಂಟಿಗೋ ಅರ್ಜಿ ಕಳಿಸಿ, ಪರದೆಯ ಮೇಲೆ ಎಂಟಂಕಿಯ ಸಂಖ್ಯೆ ಮೂಡಿತೆಂದರೆ ಆ ವಿದ್ಯಾರ್ಥಿ ಎದ್ದುಹೋಗಿ ಹಗ್ಗ ಜಗ್ಗಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು.

ಡಿಸೆಂಬರ್ ಐದು, ಸೆಮಿಸ್ಟರಿನ ಕೊನೆಯ ಶುಕ್ರವಾರ, ಮಾರ್ನಿ ವೋಜಿಕ್ ಆ ಗಂಟೆಯನ್ನು ಮೂರು ಸಲ ಬಾರಿಸಿದಳು. ಒಂದೇ ದಿನ ಮೂರು ಅರ್ಜಿ ಆ ವರ್ಷ ಬೇರೆ ಯಾರೂ ಕಳಿಸಿರಲಿಲ್ಲ.

ಕ್ಲಿನಿಕ್ ಎಂದರೆ ಕಾನೂನು ಕಾಲೇಜಿನ ಎರಡನೇ ಮಹಡಿಯ ನಾಲ್ಕು ಕೋಣೆ. ವಕೀಲರ ಫೀಜು ಕೊಡಲಾಗದವರು ಅಲ್ಲಿಗೆ ಬರುತ್ತಾರೆ. ಹಿಮ ಬಾಚುವ ಸಲಿಕೆಗೆ ಹೊಸ ಹಿಡಿ ಕಂಡುಹಿಡಿದ ನಿವೃತ್ತ ವೆಲ್ಡರ್, ತನ್ನ ಅಂಗಡಿಯ ಹೆಸರು ಕಾಪಾಡಿಕೊಳ್ಳಬೇಕೆನ್ನುವ ಕ್ಷೌರಿಕ, ಸೋಪು ಮಾಡುವವರು, ಸಾಸ್ ಮಾಡುವವರು. ಕೆಲಸವನ್ನೆಲ್ಲ ವಿದ್ಯಾರ್ಥಿಗಳು ಮಾಡುತ್ತಾರೆ. ಮೂವತ್ತು ವರ್ಷ ವಕೀಲಿ ಮಾಡಿ ಬಂದ ಪ್ರೊಫೆಸರ್ ಬೆಕ್ವಿತ್ ಓದಿ ಒಪ್ಪುತ್ತಾರೆ. ದಾಖಲೆಯಲ್ಲಿ ವಕೀಲರೆಂದು ಅವರ ಹೆಸರು, ಅದರ ಕೆಳಗೆ ವಿದ್ಯಾರ್ಥಿಯ ಹೆಸರು. ಸೆಮಿಸ್ಟರ್ ಮುಗಿಯುವುದರೊಳಗೆ ಅರ್ಜಿ ಹೋಗದಿದ್ದರೆ ಕಡತ ಮುಂದಿನ ತಂಡದ ಪಾಲು. ಗಂಟೆಯೂ ಅವರ ಪಾಲು. ಮೂರು ತಿಂಗಳು ದುಡಿದು ಗಂಟೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಮಾರ್ನಿಗೆ ಆಗದ ಮಾತು.

ಆ ದಿನದ ಮೂರನೆಯ ಅರ್ಜಿ ವರ್ಲೀನ್ ಕೋಂಬ್ಸ್ ಅವರದು.

ವರ್ಲೀನ್‌ಗೆ ಐವತ್ತೆರಡು ವರ್ಷ. ನದಿಯಾಚೆ, ಕೆಂಟಕಿಯ ಗುಡ್ಡದ ಕಡೆಯವರು. ಹಸಿ ಟೊಮೆಟೊ, ಎಲೆಕೋಸು, ಸಾಸಿವೆ, ವಿನೆಗರ್ ಹಾಕಿ ಒಂದು ಉಪ್ಪಿನಕಾಯಿ ಮಾಡುತ್ತಿದ್ದರು. ಅವರ ಅಜ್ಜಿ ಜೆಲ್ಲಾ ಮಾಡುತ್ತಿದ್ದದ್ದು. ಶನಿವಾರದ ಸಂತೆಯಲ್ಲಿ ಇನ್ನೊಬ್ಬಾಕೆಯ ಮೇಜಿನ ಮೂಲೆಯಲ್ಲಿ ಇಟ್ಟು ಮಾರುತ್ತಿದ್ದರು. ಚೀಟಿಯ ಮೇಲೆ 'ಜೆಲ್ಲಜ್ಜಿ' ಅಂತಷ್ಟೇ ಇತ್ತು. ಅಕ್ಟೋಬರಿನಲ್ಲಿ ಮೊದಲ ಸಲ ಬಂದಾಗ ಒಂದು ಬಾಟಲು, ಒಂದು ಚಮಚ ತಂದಿದ್ದರು. ಮಾರ್ನಿ ಮತ್ತು ಅವಳ ಜೊತೆಗಾರ ಎಲಿಯಾಸ್ ನಾಸಿಫ್ ತಿಂದು ಮುಗಿಸುವವರೆಗೆ ಕಾಗದ ಮುಟ್ಟಲಿಲ್ಲ.

"ಈಗ ಹೇಳಿ," ಅಂದರು. "ಇದಕ್ಕೆ ಬೇರೆ ಹೆಸರಿಡೋಕೆ ಆಗುತ್ತಾ?"

"ಹೆಸರಿನ ಮಾತಿರಲಿ, ಇನ್ನೊಂದು ಚಮಚ ಹಾಕಿ," ಅಂದ ಎಲಿಯಾಸ್. "ನಮ್ಮಜ್ಜಿ ಇದನ್ನ ತಿಂದಿದ್ರೆ ಲೆಬನಾನಿಗೆ ವಾಪಸ್ ಹೋಗ್ಬೇಕು ಅಂತ ಅಳೋದು ನಿಲ್ಲಿಸ್ತಿದ್ರು."

ವಿಳಾಸ ಕೇಳಿದಾಗ ವರ್ಲೀನ್ ಮನೆಯದರ ಬದಲು ಅಂಚೆ ಕಚೇರಿಯಲ್ಲಿ ಬಾಡಿಗೆಗೆ ಹಿಡಿದಿದ್ದ ಅಂಚೆಪೆಟ್ಟಿಗೆಯ ಸಂಖ್ಯೆ ಕೊಟ್ಟರು. ಮಾರ್ನಿ ಬರೆದುಕೊಂಡಳು.

ಡಿಸೆಂಬರ್ ಐದರ ಮಧ್ಯಾಹ್ನ ಮೂರು ಗಂಟೆಗೆ ಅರ್ಜಿ ನಮೂನೆ ಆ ಅಂಚೆಪೆಟ್ಟಿಗೆಯನ್ನು ಕೆಂಪಕ್ಷರದಲ್ಲಿ ತಡೆಯಿತು. ಅರ್ಜಿದಾರರು ವಾಸಿಸುವ ಮನೆಯ ವಿಳಾಸ ಬೇಕು. ಮಾರ್ನಿ ಫೋನು ಮಾಡಿದಳು.

"ವರ್ಲೀನ್, ಅಂಚೆಪೆಟ್ಟಿಗೆ ಒಪ್ತಾ ಇಲ್ಲ. ನೀವು ಇರೋ ಮನೇದೇ ಬೇಕಂತೆ."

"ಅದು ಯಾರಿಗೆ ಕಾಣುತ್ತೆ ಪುಟ್ಟಿ?"

"ಕಚೇರಿಯವರಿಗೆ ಮಾತ್ರ."

"ಗ್ಯಾರಂಟಿನಾ?"

"ಗ್ಯಾರಂಟಿ."

ಅವಳು ಸುಳ್ಳು ಹೇಳಲಿಲ್ಲ. ನಿಯಮ ಹಾಗೇ ಇದೆ. ನಮೂನೆಯಲ್ಲಿ ವಿಳಾಸಕ್ಕೆ ಎರಡು ಜಾಗ. ಮೇಲಿನದು ಟಪಾಲಿನ ವಿಳಾಸ, ಜಗತ್ತಿನಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಕೆಳಗಿನದು ವಾಸದ ವಿಳಾಸ, ಕಚೇರಿಯವರು ಮುಚ್ಚಿಡುತ್ತಾರೆ. ಅಂಚೆಪೆಟ್ಟಿಗೆಯನ್ನು ಮೇಲೆ, ಮನೆಯನ್ನು ಕೆಳಗೆ ಬರೆದಿದ್ದರೆ ಮುಗಿದಿತ್ತು. ಗಡಿಬಿಡಿಯಲ್ಲಿ ಮಾರ್ನಿ ಮೇಲಿನ ಜಾಗದಲ್ಲಿದ್ದ ಅಂಚೆಪೆಟ್ಟಿಗೆಯನ್ನು ಅಳಿಸಿ ಅಲ್ಲೇ ಮನೆಯ ವಿಳಾಸ ತುಂಬಿದಳು. ಕೆಳಗಿನ ಜಾಗದ ಪಕ್ಕ ಒಂದು ಚೌಕವಿತ್ತು: ಮೇಲಿನದೇ ವಿಳಾಸ. ಅದಕ್ಕೆ ಗುರುತು ಹಾಕಿದಳು. ಕೆಂಪಕ್ಷರ ಮಾಯವಾಯಿತು. ಆ ದಿನ ಬೆಕ್ವಿತ್ ಹದಿನಾಲ್ಕು ಅರ್ಜಿ ನೋಡಿದ್ದರು. ಸರಕಿನ ವರ್ಗ ನೋಡಿದರು, ಬಾಟಲಿನ ಫೋಟೋ ನೋಡಿದರು, ಜೆಲ್ಲಾ ಎನ್ನುವವರು ಬದುಕಿಲ್ಲ ಎಂಬ ಹೇಳಿಕೆ ಇದೆಯೋ ಎಂದು ನೋಡಿದರು. ವಿಳಾಸವನ್ನು ಯಾರು ನೋಡುತ್ತಾರೆ?

ಮಾರ್ನಿ ಗಂಟೆ ಬಾರಿಸಿದಳು.

*

ಕಳಿಸಿದ ಅರ್ಜಿಗಳನ್ನು ನೋಡಿಕೊಳ್ಳಲು ಮಾರ್ನಿ, ಎಲಿಯಾಸ್ ಹೊಸ ಸೆಮಿಸ್ಟರಿನಲ್ಲೂ ಕ್ಲಿನಿಕ್ಕಿನಲ್ಲೇ ಉಳಿದಿದ್ದರು. ಜನವರಿ ಇಪ್ಪತ್ತು, ಮಂಗಳವಾರ, ವರ್ಲೀನ್ ಹೇಳದೆ ಕೇಳದೆ ಬಂದರು. ಕೈಯಲ್ಲಿ ಬಾಟಲು ಇರಲಿಲ್ಲ. ರಬ್ಬರ್ ಬ್ಯಾಂಡ್ ಸುತ್ತಿದ ಲಕೋಟೆಗಳ ಕಟ್ಟು ಇತ್ತು. ಮೇಜಿನ ಮೇಲಿಟ್ಟರು. ಹದ್ದಿನ ಚಿತ್ರ, ದಪ್ಪ ಮುದ್ರೆ, ಎಂತೆಂಥದೋ ಮಂಡಳಿಗಳ ಹೆಸರು.

ಮಾರ್ನಿ ನಕ್ಕಳು. "ಅಯ್ಯೋ, ಇವು ಎಲ್ಲರಿಗೂ ಬರುತ್ತೆ. ಮೋಸಗಾರರು. ಹೊಸ ಅರ್ಜಿ ಹಾಕಿದವರನ್ನ ಹುಡುಕಿ ಸರ್ಕಾರದವರ ಥರ ಕಾಗದ ಬರೀತಾರೆ. ಬಿಸಾಕಿ."

"ಅಂಚೆಪೆಟ್ಟಿಗೆಗೆ ಬಂದಿದ್ರೆ ಬಿಸಾಕ್ತಿದ್ದೆ."

ಮಾರ್ನಿ ಮೇಲಿನ ಲಕೋಟೆ ತಿರುಗಿಸಿದಳು. ವರ್ಲೀನ್ ಕೋಂಬ್ಸ್, 418 ಲೋಕಸ್ಟ್ ಬೀದಿ, ಮನೆ ಬಿ.

"ಆರು ವರ್ಷ ಆಯ್ತು ಆ ಮನೇಲಿ," ವರ್ಲೀನ್ ಹೇಳಿದರು. "ಟಪಾಲು ಡಬ್ಬಿ ಮೇಲೆ ನನ್ನ ಹೆಸರಿಲ್ಲ. ಕರೆಂಟ್ ಬಿಲ್ಲು ಮಾಲೀಕನ ಹೆಸರಲ್ಲಿದೆ. ಪಿಜ್ಜಾ ತರಿಸಿದ್ರೂ ಬೀದಿ ತುದಿಗೆ ಹೋಗಿ ಇಸ್ಕೋತೀನಿ. ಇವರಿಗೆ ಹೇಗೆ ಗೊತ್ತಾಯ್ತು?"

"ಯಾಕೆ ಹಾಗೆ..." ಅಂದವಳು ಅಲ್ಲಿಗೇ ನಿಲ್ಲಿಸಿದಳು.

"ಮದುವೆ ಆಗಿತ್ತು," ಅಂದರು ವರ್ಲೀನ್. ಎಡಗೈಯ ಕಿರುಬೆರಳನ್ನು ಬಲಗೈಯಿಂದ ನೀವಿಕೊಂಡರು. ಆ ಬೆರಳು ನೆಟ್ಟಗಿರಲಿಲ್ಲ. ಮಾರ್ನಿ ಅದನ್ನು ಅಕ್ಟೋಬರಿನಲ್ಲೇ ನೋಡಿದ್ದಳು. ಸಂಧಿವಾತ ಇರಬೇಕು ಅಂದುಕೊಂಡಿದ್ದಳು.

ಅವಳ ಕಣ್ಣ ಮುಂದೆ ಆ ಚೌಕ ಬಂತು. ಅದರಲ್ಲಿ ತಾನೇ ಹಾಕಿದ ಗುರುತು ಬಂತು.

"ನಾನು ನೋಡ್ತೀನಿ," ಅಂದಳು. "ಈ ಕಂಪನಿಗಳು ಎಲ್ಲಿಂದೆಲ್ಲಿಂದಲೋ ವಿಳಾಸ ತೆಗೀತಾವೆ."

"ನೋಡು. ಹೆದರೋ ಅಂಥದ್ದು ಇದ್ರೆ ಮುಚ್ಚಿಡಬೇಡ ಪುಟ್ಟಿ. ನನ್ನ ಚೀಲ ಯಾವಾಗ್ಲೂ ಕಟ್ಟಿಟ್ಟೇ ಇರುತ್ತೆ. ಒಂದು ದಿನ ಮುಂಚೆ ಗೊತ್ತಾದ್ರೆ ಸಾಕು ನಂಗೆ. ಒಂದೇ ದಿನ."

ಅವರು ಹೋದ ಮೇಲೆ ಮಾರ್ನಿ ದಾಖಲೆ ತೆರೆದಳು. ಅರ್ಜಿದಾರರ ವಿಳಾಸ: 418 ಲೋಕಸ್ಟ್ ಬೀದಿ, ಮನೆ ಬಿ. ನಲವತ್ತಾರು ದಿನದಿಂದ ಅಲ್ಲಿತ್ತು. ಎಲಿಯಾಸ್ ಹಿಂದಿನಿಂದ ಬಗ್ಗಿ ನೋಡಿದ.

"ಯಾರು ಹಾಕಿದ್ದು ಇದನ್ನ?"

"ಯಾರು ಹಾಕಿರ್ತಾರೆ? ನಾನೇ."

ಅವನ ಮುಖದಲ್ಲಿ ಯಾವಾಗಲೂ ಇರುವ ತಮಾಷೆ ಹೋಯಿತು. "ಮಾರಾಯ್ತಿ, ಓಡು. ಇನ್ನೂ ಮೆಟ್ಟಿಲ ಮೇಲೇ ಇರ್ತಾರೆ. ಹೇಳ್ಬಿಡು."

"ಮೊದಲು ಸರಿ ಮಾಡ್ತೀನಿ. ಆಮೇಲೆ ಹೇಳ್ತೀನಿ. ಬರೀ ಭಯ ಹೊತ್ಕೊಂಡು ಹೋಗಿ ಏನ್ ಮಾಡ್ತಾರೆ?"

"ಚೀಲ ತಗೊಂಡು ಹೋಗ್ತಾರೆ. ಈಗ ತಾನೇ ಹೇಳಿದ್ರಲ್ಲ."

"ಒಂದು ವಾರ ಸುಮ್ನಿರು ಎಲಿಯಾಸ್."

"ಆರನೇ ತಾರೀಕಿಗೆ ನಿನ್ನ ನಡತೆ ವಿಚಾರಣೆ ಇದೆ. ಅದಕ್ಕೇ ತಾನೇ?"

ವಕೀಲಿ ಸನ್ನದು ಕೊಡುವ ಮೊದಲು ಇಬ್ಬರು ಹಿರಿಯ ವಕೀಲರು ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ. ನಿನ್ನ ಮೇಲೆ ಯಾವುದಾದರೂ ದೂರು ಇದೆಯೇ, ನಿನ್ನಿಂದ ಯಾರಿಗಾದರೂ ಹಾನಿಯಾಗಿದೆಯೇ. ಫೆಬ್ರವರಿ ಆರಕ್ಕೆ ಅವಳ ಸರದಿ. ಅವಳ ಅಪ್ಪ ಗಾಜಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ನಿಂತು ಕೆಲಸ ಮಾಡಿದವನು. ಆ ಮನೆಯಿಂದ ವಕೀಲಿ ಓದಿದವಳು ಇವಳೊಬ್ಬಳೇ. ಎಲಿಯಾಸ್ ಹೇಳಿದ್ದು ನಿಜ, ಅದಕ್ಕೇ.

ಆ ಸಂಜೆ ವಿಳಾಸ ಬದಲಾವಣೆಗೆ ಕೊಟ್ಟಳು. ಎರಡು ದಿನದಲ್ಲಿ ದಾಖಲೆಯ ಮುಖಪುಟದಲ್ಲಿ ಅಂಚೆಪೆಟ್ಟಿಗೆ ಬಂತು. ಆದರೆ ಡಿಸೆಂಬರ್ ಐದರ ಮೂಲ ಅರ್ಜಿ ಹಾಗೇ ಕೆಳಗೆ ಇತ್ತು, ಒತ್ತಿದರೆ ತೆರೆದುಕೊಳ್ಳುತ್ತಿತ್ತು. ಅದನ್ನು ಮುಚ್ಚಿಸಲು ಬೇರೆ ಮನವಿ, ಅದಕ್ಕೆ ತಿಂಗಳುಗಟ್ಟಲೆ. ಅಷ್ಟೂ ಅಲ್ಲದೆ ಏಳು ಖಾಸಗಿ ಜಾಲತಾಣಗಳು ಆ ಪುಟವನ್ನು ನಕಲು ಮಾಡಿಕೊಂಡಿದ್ದವು. ಮಾರ್ನಿ ಏಳಕ್ಕೂ ಬರೆದಳು. ಒಂದು ಉತ್ತರ ಕೊಟ್ಟಿತು: ತಮ್ಮ ಕೋರಿಕೆ ತಲುಪಿದೆ.

ಶುಕ್ರವಾರ ಎಲಿಯಾಸ್ ಕೇಳಿದ. "ಹೇಳಿದ್ಯಾ?"

"ಸೋಮವಾರ."

ಸೋಮವಾರ ಕೇಳಿದ. "ಹೇಳಿದ್ಯಾ?"

"ಫೋನ್ ಎತ್ತುತಾ ಇಲ್ಲ."

ಅದು ನಿಜ. ಸೋಮವಾರ ಅವಳು ಎರಡು ಸಲ ಫೋನು ಮಾಡಿದ್ದಳು. ಎರಡು ಸಲವೂ ರಿಂಗಾಗಿ ನಿಂತಿತು. ಒಳಗೊಳಗೇ ಹಗುರವಾಗಿತ್ತು.

*

ಬುಧವಾರ ಹೊಸಬರ ದಿನ. ಹತ್ತರಿಂದ ಒಂದರವರೆಗೆ ಯಾರು ಬೇಕಾದರೂ ಬರಬಹುದು. ಗಂಟೆಯ ಕೆಳಗಿನ ಮೇಜಿನ ಮೇಲೆ ಕಾಫಿ, ಒಂದು ಡಬ್ಬ ಡೋನಟ್. ಮೂರನೆಯವನಾಗಿ ಬಂದವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಐವತ್ತೈದರ ಆಸುಪಾಸು. ಇಸ್ತ್ರಿ ಮಾಡಿದ ಶರ್ಟು, ನುಣ್ಣಗೆ ಹೆರೆದ ಗಡ್ಡ. ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದರೆ ಎರಡನೇ ಸಲ ಯಾರೂ ನೋಡದ ಮುಖ.

"ಇಲ್ಲಿ ಕೂತ್ಕೋಬಹುದಾ ಮೇಡಂ?"

"ಕೂತ್ಕೊಳ್ಳಿ. ಈ ನಮೂನೆ ತುಂಬಿ. ಡೋನಟ್ ತಗೊಳ್ಳಿ."

"ದೇವರು ಒಳ್ಳೇದು ಮಾಡ್ಲಿ." ಅವನು ಡೋನಟ್ಟನ್ನು ಕಾಗದದ ಕರವಸ್ತ್ರದ ಮೇಲಿಟ್ಟು, ಬೆರಳೊರೆಸಿಕೊಂಡು ಬರೆಯತೊಡಗಿದ. ಅಕ್ಷರ ದುಂಡಗಿತ್ತು. ಬರೆದು ಮುಗಿಸಿ ಹಾಳೆಯನ್ನು ಅವಳ ಕಡೆ ನೆಟ್ಟಗೆ ತಿರುಗಿಸಿ ಇಟ್ಟ.

ಹೆಸರು: ಡೆಲ್ಬರ್ಟ್ ರೇ ಸ್ಟ್ಯಾಂಪರ್. ಕೆಲಸದ ವಿವರ: ಟ್ರೇಡ್‌ಮಾರ್ಕ್ ಅರ್ಜಿಯನ್ನು ಹೆಂಡತಿಯ ಹೆಸರಿನಿಂದ ನನ್ನ ಹೆಸರಿಗೆ ಮಾಡಿಸುವುದು. ವಿಳಾಸ: 418 ಲೋಕಸ್ಟ್ ಬೀದಿ, ಮನೆ ಬಿ.

ಮಾರ್ನಿ ಆ ಸಾಲನ್ನು ಎರಡು ಸಲ ಓದಿದಳು.

"ನೀವು... ಇಲ್ಲಿ ಇರೋದಾ?"

"ಭಾನುವಾರದಿಂದ ಮೇಡಂ. ಮಹಡಿ ಮನೆ. ಬಿ ಅಂದ್ರೆ ಮೇಲೋ ಕೆಳಗೋ ಗೊತ್ತಾಗ್ಲಿಲ್ಲ. ಕೆಳಗಿನ ಮನೆ ಮುದುಕಪ್ಪನ್ನ ಎಬ್ಬಿಸಿಬಿಟ್ಟೆ, ಪಾಪ." ಅವನು ಅಂಗಿ ಜೇಬಿನಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆದ. "ಇದು ನಮ್ಮವಳು ಬರೆದುಕೊಟ್ಟಿದ್ದು. ಸಹಿ ಇದೆ. ಇದಕ್ಕೆ ಬೇಕಾದ ಸರಿಯಾದ ಕಾಗದ ನೀವೇ ಮಾಡ್ತೀರಂತೆ, ಪುಕ್ಕಟೆ."

ಸಹಿ ಇತ್ತು. ವರ್ಲೀನ್ ಸ್ಟ್ಯಾಂಪರ್ ಎಂದಿತ್ತು. ಪೆನ್ನು ಒತ್ತಿ ಎರಡು ಕಡೆ ಕಾಗದ ಹರಿದಿತ್ತು.

"ಅವರು ಎಲ್ಲಿದ್ದಾರೆ?"

"ಕೆಳಗೆ ಕಾರಲ್ಲಿ ಕೂತಿದ್ದಾಳೆ. ಕರೀಲಾ?"

ಕಿಟಕಿಯಿಂದ ವಾಹನ ನಿಲ್ಲಿಸುವ ಜಾಗ ಕಾಣುತ್ತಿತ್ತು. ವರ್ಲೀನ್‌ರ ಹಳೇ ನೀಲಿ ಕಾರು. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತ ಹೆಂಗಸು ನೆಟ್ಟಗೆ ಎದುರಿನ ಗೋಡೆ ನೋಡುತ್ತಿದ್ದಳು. ಹೊರಗೆ ಹಿಮ ಗಟ್ಟಿಯಾಗಿತ್ತು.

"ಕರೀರಿ," ಅಂದಳು ಮಾರ್ನಿ. ಅವನು ಇಳಿದುಹೋದ ಮೇಲೆ ಬೆಕ್ವಿತ್‌ರ ಕೋಣೆಗೆ ನುಗ್ಗಿ ನಾಲ್ಕು ಮಾತಿನಲ್ಲಿ ಹೇಳಿದಳು. ತನ್ನ ತಪ್ಪಿನದು ಹೇಳಲಿಲ್ಲ. ಗಂಡ ಬಂದಿದ್ದಾನೆ, ಆಕೆ ಅವನಿಂದ ತಪ್ಪಿಸಿಕೊಂಡಿದ್ದವರು ಅಂತಷ್ಟೇ. ಬೆಕ್ವಿತ್ ಪೊಲೀಸರಿಗೆ ಫೋನು ಮಾಡಿ ಕೋಟು ಹಾಕಿಕೊಂಡು ಹೊರಬಂದರು.

ಮೆಟ್ಟಿಲು ಹತ್ತಿ ಮೊದಲು ವರ್ಲೀನ್ ಬಂದರು, ಹಿಂದೆ ಅವನು. ಅವನ ಕೈ ಅವರ ಬೆನ್ನ ಮೇಲಿತ್ತು, ಮೆತ್ತಗೆ.

"ನಮಸ್ಕಾರ ಮೇಡಂ," ಅಂದರು ವರ್ಲೀನ್.

ಪುಟ್ಟಿ ಅನ್ನಲಿಲ್ಲ.

"ಮಿಸ್ಟರ್ ಸ್ಟ್ಯಾಂಪರ್," ಬೆಕ್ವಿತ್ ಹೇಳಿದರು, "ಇವರು ನಮ್ಮ ಕಕ್ಷಿದಾರರು. ಹಕ್ಕು ಬಿಟ್ಟುಕೊಡೋ ಮುಂಚೆ ನಾವು ಇವರನ್ನ ಒಬ್ಬರನ್ನೇ ಕೂರಿಸಿ ಕೇಳಬೇಕು. ಗಂಡ ಆಗ್ಲಿ, ಪಾದ್ರಿ ಆಗ್ಲಿ, ಒಳಗೆ ಬಿಡೋ ಹಾಗಿಲ್ಲ. ಹಾಗೆ ಬಿಟ್ಟರೆ ಈ ಕಾಗದ ನಾಳೆ ನಿಲ್ಲಲ್ಲ."

ಅವನು ಯೋಚಿಸಿದ. ಒಳಕೋಣೆಯ ಬಾಗಿಲು ನೋಡಿದ, ಮೆಟ್ಟಿಲು ನೋಡಿದ. ನಕ್ಕ.

"ನಿಯಮ ಅಂದ್ಮೇಲೆ ನಿಯಮ. ಎಷ್ಟು ಹೊತ್ತು?"

"ಹತ್ತು ನಿಮಿಷ."

"ಒಳಗೆ ಬೆಚ್ಚಗಿದೆ. ಕೋಟು ಇಲ್ಲಿ ಕೊಡು ವರ್ಲೀ, ನಾನು ಹಿಡ್ಕೊಂಡಿರ್ತೀನಿ."

ವರ್ಲೀನ್ ಕೋಟು ಬಿಚ್ಚಿ ಕೊಟ್ಟರು. ಅವನು ಅದನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕುಳಿತ. ಅದರ ಜೇಬಿನಲ್ಲಿ ಅವರ ಫೋನಿತ್ತು.

*

ಒಳಕೋಣೆಯ ಬಾಗಿಲು ಹಾಕಿದ ಮೇಲೆ ವರ್ಲೀನ್ ಕೂರಲಿಲ್ಲ. ಮೇಜಿನ ಅಂಚು ಹಿಡಿದು ನಿಂತರು.

"ಹೇಗೆ ಬಂದ ಅವನು?" ಮೆಲ್ಲಗೆ ಕೇಳಿದರು. "ಅಷ್ಟು ಹೇಳಿ ಮೊದಲು."

ಬೆಕ್ವಿತ್ ಮಾರ್ನಿಯ ಮುಖ ನೋಡಿದರು. ಅವರಿಗೇನೂ ಗೊತ್ತಿರಲಿಲ್ಲ.

"ನನ್ನಿಂದ," ಅಂದಳು ಮಾರ್ನಿ. "ನಿಮ್ಮ ಮನೆ ವಿಳಾಸನ ಮುಚ್ಚಿಡೋ ಜಾಗದಲ್ಲಿ ಹಾಕ್ಬೇಕಿತ್ತು. ಎಲ್ಲರಿಗೂ ಕಾಣೋ ಜಾಗದಲ್ಲಿ ಹಾಕ್ಬಿಟ್ಟೆ."

"ಯಾವತ್ತು ಗೊತ್ತಾಯ್ತು ನಿಂಗೆ?"

"ನೀವು ಆ ಕಾಗದಗಳನ್ನ ತಂದ್ರಲ್ಲ. ಆವತ್ತೇ."

"ಮಂಗಳವಾರ."

"ಹೂಂ."

ವರ್ಲೀನ್ ಬೆರಳು ಮಡಿಸಿದರು. ಬುಧ, ಗುರು, ಶುಕ್ರ, ಶನಿ. ಸೊಟ್ಟ ಕಿರುಬೆರಳಿಗೆ ಬಂದು ಭಾನುವಾರ ನಿಂತಿತು.

"ನಾನು ಒಂದೇ ದಿನ ಕೇಳಿದ್ದೆ," ಅಂದರು.

ಬೆಕ್ವಿತ್ ಮಾರ್ನಿಯ ಕಡೆ ನೋಡದೆ ಹೇಳಿದರು: "ನಿನ್ನ ಜೊತೆ ಆಮೇಲೆ ಮಾತಾಡ್ತೀನಿ." ವರ್ಲೀನ್ ಕಡೆ ತಿರುಗಿದರು. "ಪೊಲೀಸರು ಬರೋಕೆ ಇಪ್ಪತ್ತು ನಿಮಿಷ ಅಂದಿದ್ದಾರೆ. ಬಂದರೂ ಅವನು ಕೂತು ಡೋನಟ್ ತಿಂತಿದ್ದಾನೆ. ನೀವು ದೂರು ಕೊಟ್ಟರೆ..."

"ಮೂರು ಸಲ ಕೊಟ್ಟಿದ್ದೀನಿ, ಆ ಕಡೆ ಇದ್ದಾಗ. ಈ ಬೆರಳು ಎರಡನೇ ದೂರಿಂದು." ಅವರು ಕೋಣೆಯ ಸುತ್ತ ನೋಡಿದರು. "ಇದಕ್ಕೆ ಇನ್ನೊಂದು ಬಾಗಿಲಿದೆಯಾ?"

ಕಪಾಟಿನ ಪಕ್ಕ ಬೆಂಕಿ ಬಿದ್ದರೆ ಇಳಿಯುವ ಬಾಗಿಲಿತ್ತು. ಆಚೆ ಕಬ್ಬಿಣದ ಮೆಟ್ಟಿಲು, ಕೆಳಗೆ ಕಸದ ತೊಟ್ಟಿಗಳ ಹಿಂದೆ ಎಲಿಯಾಸನ ಕಾರು. ಬೆಕ್ವಿತ್ ಪಕ್ಕದ ಕೋಣೆಯಿಂದ ಅವನನ್ನು ಕರೆದರು. ಅವನು ಏನೂ ಕೇಳಲಿಲ್ಲ, ಕೀಲಿ ತೆಗೆದುಕೊಂಡ. ಮಾರ್ನಿ ತನ್ನ ಕೋಟು ಬಿಚ್ಚಿ ಚಾಚಿದಳು. ವರ್ಲೀನ್ ಒಂದು ಕ್ಷಣ ಅದನ್ನು ನೋಡಿ ಹಾಕಿಕೊಂಡರು. ತೋಳು ಉದ್ದವಾಯಿತು.

"ಹೆಸರು ಅವನಿಗೆ ಸಿಗಬಾರದು," ಅಂದರು ಬೆಕ್ವಿತ್‌ಗೆ.

"ಅರ್ಜಿ ಹಿಂದಕ್ಕೆ ತಗೋಬಹುದು. ಆದರೆ ದಾಖಲೆ ಅಲ್ಲೇ ಉಳಿಯುತ್ತೆ. ಹೆಸರಿನ ಪಕ್ಕ 'ಸತ್ತಿದೆ' ಅಂತ ಬರೀತಾರೆ."

"ಬರೀಲಿ. ಅಜ್ಜಿ ಸತ್ತು ಇಪ್ಪತ್ತು ವರ್ಷ ಆಯ್ತು, ಬೇಜಾರು ಮಾಡ್ಕೊಳ್ಳಲ್ಲ." ಬಾಗಿಲ ಹಿಡಿ ಹಿಡಿದು ಮಾರ್ನಿಯ ಕಡೆ ತಿರುಗಿದರು. "ನೀನು ಹೋಗಿ ಅವನ ಮುಂದೆ ಕೂತ್ಕೋ. ಮಾತಾಡಿಸ್ತಾ ಇರು. ಅಷ್ಟಾದ್ರೂ ಮಾಡು."

ಬಾಗಿಲು ತೆರೆದಾಗ ಚಳಿ ಒಳಗೆ ನುಗ್ಗಿತು. ಮತ್ತೆ ಮುಚ್ಚಿತು.

*

ನಮೂನೆಯಲ್ಲಿ ನಲವತ್ತೆರಡು ಪ್ರಶ್ನೆ. ಅವನು ಬರೆದದ್ದು ಮೊದಲ ಪುಟ ಮಾತ್ರ. ಮಾರ್ನಿ ಎರಡನೆಯ ಪುಟ ಎತ್ತಿಕೊಂಡು ಎದುರು ಕೂತಳು.

"ಅವರ ಜೊತೆ ಸರ್ ಮಾತಾಡ್ತಿದ್ದಾರೆ. ಅಷ್ಟರಲ್ಲಿ ನಿಮ್ಮದು ಮುಗಿಸೋಣ. ಈ ಸರಕನ್ನ ಮೊದಲು ಮಾರಿದ್ದು ಯಾವಾಗ?"

"ಅದು ಅವಳಿಗೇ ಗೊತ್ತು."

"ಬೇರೆ ರಾಜ್ಯದಲ್ಲಿ ಮಾರಿದ್ದಾರಾ?"

"ಇಲ್ಲ ಅನ್ಸುತ್ತೆ ಮೇಡಂ."

"ಹೆಸರನ್ನ ಆರಿಸಿದ್ದು ಯಾಕೆ?"

"ಅವಳಜ್ಜಿದು. ಜೆಲ್ಲಾ ಕೋಂಬ್ಸ್. ಒಳ್ಳೇ ಹೆಂಗಸು. ನಂಗೆ ಒಂದು ಸಲ ಬಂದೂಕು ತೋರಿಸಿದ್ಲು." ಅವನು ಡೋನಟ್ಟಿನ ತುಣುಕು ಮುರಿದು ಬಾಯಿಗಿಟ್ಟ. "ಈ ಗಂಟೆ ಯಾತಕ್ಕೆ?"

"ಅರ್ಜಿ ಹೋದಾಗ ಬಾರಿಸ್ತೀವಿ."

"ಅವಳದು ಹೋದಾಗ ಬಾರಿಸಿದ್ರಾ?"

"...ಹೂಂ."

"ಯಾರು, ನೀವೇನಾ?"

ಮಾರ್ನಿ ಹಾಳೆ ತಿರುಗಿಸಿದಳು. "ಈ ಹೆಸರನ್ನ ಬೇರೆ ಯಾರಾದ್ರೂ ಬಳಸ್ತಿರೋದು ನಿಮಗೆ ಗೊತ್ತಿದೆಯಾ?"

"ಹುಡುಕಿದೀನಿ. ತಿಂಗಳಿಗೊಂದು ಸಲ. ಆರು ವರ್ಷ." ಅವನ ದನಿ ಏರಲಿಲ್ಲ. "ನಮ್ಮೂರ ಲೈಬ್ರರಿಯಲ್ಲಿ ಕಂಪ್ಯೂಟರ್ ಇದೆ. ಮೊದಲ ಸೋಮವಾರ ಹೋಗಿ ಕೂರೋದು. ಅವಳು ಅವಳ ಹೆಸರು ಎಲ್ಲೂ ಬಿಡಲ್ಲ, ಗೊತ್ತಿತ್ತು ನಂಗೆ. ಆದ್ರೆ ಆ ಮುದುಕಿ ಹೆಸರು ಎಲ್ಲಾದ್ರೂ ಇಟ್ಟೇ ಇಡ್ತಾಳೆ ಅಂತಲೂ ಗೊತ್ತಿತ್ತು. ನಾಯಿಗೋ, ಅಂಗಡಿಗೋ. ಜನವರಿ ಐದಕ್ಕೆ ಬಂತು ನೋಡಿ. ಬೀದಿ, ಮನೆ ನಂಬರು, ಎಲ್ಲ. ಆಮೇಲೆ ಅದನ್ನ ಬದಲಾಯಿಸಿದೀರಿ. ಅದನ್ನೂ ನೋಡಿದೆ. ಬದಲಾಯಿಸಿದ್ರು ಅಂದ್ರೆ ನಿಜವಾದದ್ದೇ ಅಂತ ಆಯ್ತಲ್ಲ. ಅಲ್ಲೀವರೆಗೂ ಅನುಮಾನ ಇತ್ತು."

ಮಾರ್ನಿಯ ಕೈಯಲ್ಲಿದ್ದ ಪೆನ್ನು ನಿಂತಿತು. ವಿಳಾಸ ಬದಲಾಗಿದ್ದು ಗುರುವಾರ. ಅವನು ಬಂದದ್ದು ಭಾನುವಾರ.

"ಕೇಳಿ ಮೇಡಂ, ನಿಲ್ಲಿಸಬೇಡಿ. ಎಷ್ಟನೇ ಪ್ರಶ್ನೆ?"

"ಹತ್ತೊಂಬತ್ತು."

ಅವಳು ಕೇಳಿದಳು. ಅವನು ಹೇಳಿದ. ಇಪ್ಪತ್ತು, ಇಪ್ಪತ್ತೊಂದು. ಚೀಟಿಯ ಬಣ್ಣ ಯಾವುದು, ಬಾಟಲಿನ ಮುಚ್ಚಳ ಎಂಥದು, ವ್ಯಾಪಾರದಲ್ಲಿ ಪಾಲುದಾರರು ಇದ್ದಾರೆಯೇ. ಒಳಕೋಣೆಯ ಬಾಗಿಲ ಕಡೆ ಅವನು ಒಂದು ಸಲವೂ ತಿರುಗಲಿಲ್ಲ. ತೊಡೆಯ ಮೇಲಿನ ಕೋಟಿನ ಮಡಿಕೆಯನ್ನು ಅಂಗೈಯಿಂದ ಸವರುತ್ತಿದ್ದ. ಗೋಡೆ ಗಡಿಯಾರದಲ್ಲಿ ಹದಿನಾರು ನಿಮಿಷ ಕಳೆದಿತ್ತು.

ಇಪ್ಪತ್ತೇಳನೆಯ ಪ್ರಶ್ನೆಗೆ ಅವನೇ ತಿರುಗಿ ಕೇಳಿದ.

"ಅವಳು ಹೋಗಿ ಎಷ್ಟು ಹೊತ್ತಾಯ್ತು?"

ಮಾರ್ನಿ ಮುಂದಿನ ಪ್ರಶ್ನೆಯ ಮೇಲೆ ಬೆರಳಿಟ್ಟಳು.

"ಹತ್ತು ನಿಮಿಷ ಅಂದ್ರು. ಹತ್ತು ಆದಾಗಲೇ ಗೊತ್ತಾಯ್ತು. ಹೆದರ್ಕೋಬೇಡಿ, ನಾನು ಹಿಂದೆ ಓಡೋನಲ್ಲ. ಓಡೋ ಕೆಲಸ ಅವಳದು. ನಾನು ಕೂತು ಓದೋನು." ಅವನು ಎದ್ದು ಟೋಪಿ ಹಾಕಿಕೊಂಡ. ಕೋಟನ್ನು ತೋಳಿನ ಮೇಲೆ ಹಾಕಿಕೊಂಡ. ಕಾಗದದ ಕರವಸ್ತ್ರವನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿದ. "ಆ ದಾಖಲೆಯಲ್ಲಿ ಅವಳದೊಂದೇ ಹೆಸರಲ್ಲ ಇರೋದು. ನಿಮ್ಮ ಸರ್‌ದು ಇದೆ. ನಿಮ್ಮದೂ ಇದೆ. ವೋಜಿಕ್. ನಮ್ಮ ಕಡೆ ಇಲ್ಲ ಈ ಹೆಸರು. ಈ ಊರಲ್ಲಿ ಮೂರೇ ಮನೆ ಇರೋದು, ಅಲ್ವಾ?"

ಅವನು ನಿಧಾನವಾಗಿ ಮೆಟ್ಟಿಲು ಇಳಿದ. ನೀಲಿ ಕಾರು ಹಿಂದಕ್ಕೆ ಸರಿದು, ದೀಪ ಹಾಕಿ, ತಿರುವು ಸೂಚಿಸಿ, ಬೀದಿಗೆ ಸೇರಿತು.

ಪೊಲೀಸಿನವರು ಬಂದಾಗ ಹನ್ನೊಂದು ಮುಕ್ಕಾಲು. ಒಬ್ಬಾಕೆ ಬರೆದುಕೊಂಡಳು. ಹೊಡೆದನೇ? ಇಲ್ಲ. ಬೆದರಿಸಿದನೇ? ಏನಂದ ಅಂತ ಮಾರ್ನಿ ಹೇಳಿದಳು. ಆಕೆ ಪೆನ್ನು ತಡೆದು, ಇನ್ನೊಂದು ಸಲ ಹೇಳಿ ಅಂದಳು, ಬರೆದುಕೊಂಡು, "ಇದರಲ್ಲಿ ಬೆದರಿಕೆ ಎಲ್ಲಿದೆ ನಾನು ಹುಡುಕಬೇಕು," ಅಂದಳು. ಕಾರು ಅವನದಲ್ಲ ಎಂಬುದನ್ನು ಗುರುತು ಹಾಕಿಕೊಂಡಳು. ಎಲಿಯಾಸ್ ಒಂದು ಸಂದೇಶ ಕಳಿಸಿದ್ದ: ಬಿಟ್ಟೆ. ಎಲ್ಲಿಗೆ ಹೋಗ್ತಾರೆ ಅಂತ ಕೇಳಬೇಡ. ನನಗೂ ಹೇಳಲಿಲ್ಲ, ಬಸ್ ನಿಲ್ದಾಣದ ಹತ್ತಿರ ಇಳಿದರು.

ಬೆಕ್ವಿತ್ ತಮ್ಮ ಕೋಣೆಯಲ್ಲಿ ಅರ್ಜಿ ಹಿಂತೆಗೆದುಕೊಳ್ಳುವ ಕಾಗದ ಸಿದ್ಧ ಮಾಡುತ್ತಿದ್ದರು. ಗಾಜಿನಾಚೆಯಿಂದ ಅವಳನ್ನು ಒಂದು ಸಲ ನೋಡಿ ಮತ್ತೆ ತಲೆ ತಗ್ಗಿಸಿದರು. ಅವರ ಮುಂದೆ ಇನ್ನೊಂದು ಖಾಲಿ ಹಾಳೆಯಿತ್ತು. ಅದು ತನ್ನ ಬಗ್ಗೆ ಬರೆಯಲು ಇಟ್ಟದ್ದು ಎಂದು ಮಾರ್ನಿಗೆ ಗೊತ್ತಾಯಿತು. ಫೆಬ್ರವರಿ ಆರರ ವಿಚಾರಣೆ ಯಾಕೋ ಯಾರದೋ ವಿಷಯದ ಹಾಗೆ ಅನ್ನಿಸಿತು.

ಅವಳು ಕಾರಿಡಾರಿಗೆ ಹೋಗಿ ಅಪ್ಪ ಅಮ್ಮನ ಮನೆಗೆ ಫೋನು ಮಾಡಿದಳು. ಅಮ್ಮ ಎತ್ತಿದಳು. ಹಿಂದೆ ಟೀವಿ ಕೇಳುತ್ತಿತ್ತು.

"ಅಮ್ಮಾ, ಬಾಗಿಲು ಹಾಕಿದೆಯಾ?"

"ಯಾಕೇ? ಹಗಲು ಹೊತ್ತು ಯಾರು ಹಾಕ್ತಾರೆ? ನಿಮ್ಮಪ್ಪ ಹಿಮ ಬಾಚ್ತಾ ಇದ್ದಾರೆ, ಒಳಗೆ ಹೊರಗೆ ಓಡಾಡ್ತಾ."

"ಹಾಕು. ಅಪ್ಪನ್ನ ಒಳಗೆ ಕರಿ. ಯಾರಾದ್ರೂ ಬಂದ್ರೆ..."

"ಹಾಂ, ಬಂದಿದ್ದು ಅಂದ್ರೆ ನೆನಪಾಯ್ತು. ನಿಂಗೆ ಹೇಳೋದೇ ಮರೆತೆ ನೋಡು. ಸೋಮವಾರ ನಿನ್ನ ಕ್ಲಿನಿಕ್ಕಿನವರು ಒಬ್ಬರು ಬಂದಿದ್ರು. ನೀನು ಅವರ ಹೆಂಡತಿಗೆ ತುಂಬ ಸಹಾಯ ಮಾಡಿದ್ಯಂತೆ. ಎಷ್ಟು ಮರ್ಯಾದಸ್ಥರು ಅಂತೀಯ, ಶೂ ಬಿಚ್ಚಿ ಹೊರಗಿಟ್ಟು ಬಂದ್ರು. ಉಪ್ಪಿನಕಾಯಿ ಬಾಟಲು ಕೊಟ್ಟು ಹೋದ್ರು. ಯಾರೋ ಜೆಲ್ಲಜ್ಜಿದಂತೆ."

ಮಾರ್ನಿ ಗೋಡೆಗೆ ಒರಗಿದಳು.

"ನಿನ್ನೆ ಸಾಸೇಜ್ ಜೊತೆ ತೆಗೆದ್ವಿ," ಅಮ್ಮ ಹೇಳುತ್ತಿದ್ದಳು. "ಅಪ್ಪನಿಗಂತೂ ಹಿಡಿಸ್ಬಿಟ್ಟಿದೆ, ಅರ್ಧ ಖಾಲಿ ಮಾಡಿದ್ದಾರೆ. ಖಾಲಿಯಾದ್ರೆ ಮತ್ತೆ ತಂದ್ಕೊಡ್ತೀನಿ ಅಂತ ಹೇಳಿದಾರೆ ಆ ಮನುಷ್ಯ. ನೀನು ಯಾವ ಬೀದೀಲಿ ಇರೋದು ಅಂತ ಕೇಳಿದ್ರು, ನಿಂಗೂ ಒಂದು ಕೊಡ್ಬೇಕಂತೆ. ಕೊಟ್ಟರಾ?"